ಅಪ್ಪ ಇನ್ನೂ ಇದ್ದಾರೆ. ಆದರೂ ಈಗಲೇ ಕೇಳಬೇಕಾಗಿದೆ: ಬೆಂಗಳೂರಿನಲ್ಲಿ ಅಂತ್ಯಕ್ರಿಯೆಗೆ ಏನೇನು ಬೇಕು?

ತೋಟದ ದಾರಿ · ಫೆಬ್ರವರಿ 3, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಬರೆದು ಅಳಿಸಿ ಮಾಡುತ್ತಿದ್ದೇನೆ. ಇವತ್ತು ಧೈರ್ಯ ಮಾಡಿ ಹಾಕುತ್ತಿದ್ದೇನೆ.

ಅಪ್ಪನಿಗೆ 78 ವರ್ಷ. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಹೃದಯ ತುಂಬಾ ಸೋತಿದೆ. ಆರು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಿದ್ದರು. ಹೋದ ವಾರ ಡಾಕ್ಟರ್ ನನ್ನನ್ನು ಹೊರಗೆ ಕರೆದು, "ಇನ್ನು ಆಸ್ಪತ್ರೆಗೆ ಓಡಾಡಿಸಬೇಡಿ, ಮನೆಯಲ್ಲೇ ನೆಮ್ಮದಿಯಾಗಿರಲಿ" ಎಂದರು. ಹೆಚ್ಚೆಂದರೆ ಕೆಲವು ವಾರ.

ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಲಿಫ್ಟ್ ಚಿಕ್ಕದು. ಅಮ್ಮ ನನ್ನ ಜೊತೆ ಇದ್ದಾರೆ. ಅಣ್ಣ ಅಮೆರಿಕದಲ್ಲಿ. ನನಗೆ ಈ ವಿಷಯದಲ್ಲಿ ಏನೂ ಗೊತ್ತಿಲ್ಲ. ಮನೆಯಲ್ಲೇ ಹೋದರೆ ಮೊದಲು ಯಾರಿಗೆ ಫೋನ್ ಮಾಡಬೇಕು? ಯಾವ ಕಾಗದ ಬೇಕು? ಊರಿಗೆ ಕರೆದುಕೊಂಡು ಹೋಗಬೇಕಾ, ಇಲ್ಲೇ ಮಾಡಬೇಕಾ? ಅಣ್ಣ ಬರುವವರೆಗೂ ಕಾಯಬಹುದಾ? ಅವನು ಬರದಿದ್ದರೆ ನಾನು ಬೆಂಕಿ ಇಡಬಹುದಾ?

ಚಿಕ್ಕಮ್ಮನನ್ನು ಕೇಳಿದೆ. "ಬಿಡ್ತು ಅನ್ನು, ಇರೋ ಮನುಷ್ಯನಿಗೆ ಯಾರಾದರೂ ಹೀಗೆ ಕೇಳ್ತಾರಾ" ಎಂದು ಬೈದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಶರಾವತಿ ತೀರ · ಫೆಬ್ರವರಿ 3, ರಾತ್ರಿ 11.05

ಅಕ್ಕಾ, ಓದಿ ಸಂಕಟ ಆಯಿತು. ನಿಮ್ಮ ಚಿಕ್ಕಮ್ಮ ಹೇಳಿದ್ದೇ ನನಗೂ ಸರಿ ಅನಿಸುತ್ತದೆ. ಆ ಹೊತ್ತು ಬಂದಾಗ ನಾಲ್ಕು ಜನ ತಾವಾಗಿ ಬರುತ್ತಾರೆ. ನಮ್ಮ ಕಡೆ ಸಾವಾದ ಸುದ್ದಿ ಹೋದರೆ ಸಾಕು. ಒಬ್ಬರು ಮರ ಕಡಿಯಲು ನಿಲ್ಲುತ್ತಾರೆ, ಒಬ್ಬರು ಚಟ್ಟ ಕಟ್ಟುತ್ತಾರೆ, ಪಕ್ಕದ ಮನೆಯಿಂದ ಗಂಜಿ ಬರುತ್ತದೆ. ಮನೆಯವರು ಅಳುವುದು ಬಿಟ್ಟು ಬೇರೆ ಏನೂ ಮಾಡಬೇಕಾಗಿಲ್ಲ. ಈಗ ಅಪ್ಪನ ಜೊತೆ ಕೂತು ಮಾತಾಡಿ. ಅದು ಮುಖ್ಯ ಅಲ್ವಾ?

ಹಳೇ ನರ್ಸ್ · ಫೆಬ್ರವರಿ 4, ಬೆಳಿಗ್ಗೆ 6.15

ಶರಾವತಿ ತೀರದವರೇ, ನಿಮ್ಮೂರಿನಲ್ಲಿ ಆ ನಾಲ್ಕು ಜನ ಇದ್ದಾರೆ. ಅದು ನಿಮ್ಮ ಪುಣ್ಯ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಆ ನಾಲ್ಕು ಜನರನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಮಗಳೇ, ನಾನು 34 ವರ್ಷ ನರ್ಸ್ ಆಗಿದ್ದವಳು. ನೀನು ಕೇಳಿದ್ದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಉಸಿರು ನಿಂತಾಗ ಗಾಬರಿಯಲ್ಲಿ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡುತ್ತಾರೆ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ರೋಗಿಯ ಹಿಂದುಮುಂದು ಗೊತ್ತಿರುವುದಿಲ್ಲ. "ಬ್ರಾಟ್ ಡೆಡ್", ಅಂದರೆ ತರುವಾಗಲೇ ಜೀವ ಹೋಗಿತ್ತು, ಎಂದು ಬರೆಯುತ್ತಾರೆ. ಕಾರಣ ಹೇಳಲು ಆಗದಿದ್ದರೆ ಪೊಲೀಸರಿಗೆ ತಿಳಿಸುತ್ತಾರೆ. ಅದು ಪೋಸ್ಟ್‌ಮಾರ್ಟಂವರೆಗೂ ಹೋಗಬಹುದು. ಶವಾಗಾರದ ಮುಂದೆ ಇಡೀ ದಿನ ಕೂತಿದ್ದ ಮನೆಯವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ರೋಗಿಗಳಿಗೆ ಅವರ ಹಾಸಿಗೆಯಲ್ಲೇ ಬಿಡುಗಡೆ ಸಿಕ್ಕಿತ್ತು. ಸುಮ್ನೆ ಎತ್ತಿ ತಂದಿದ್ದರು.

ಹಾಗಾಗಿ ಇವತ್ತೇ ನಿಮ್ಮ ಡಾಕ್ಟರ್ ಹತ್ತಿರ ಹೋಗಿ ನೇರವಾಗಿ ಕೇಳು. "ಮನೆಯಲ್ಲೇ ಹೋದರೆ ಬಂದು ನೋಡಿ ಬರೆದುಕೊಡುತ್ತೀರಾ? ರಾತ್ರಿ ಆದರೂ?" ಅವರು ಆಗುವುದಿಲ್ಲ ಎಂದರೆ ಬೀದಿಯ ಕ್ಲಿನಿಕ್ ಡಾಕ್ಟರ್ ಒಬ್ಬರನ್ನು ಈಗಲೇ ಮನೆಗೆ ಕರೆಸಿ ಅಪ್ಪನನ್ನು ತೋರಿಸು. ಫೈಲನ್ನೂ ತೋರಿಸು. ಪರಿಚಯ ಇಲ್ಲದ ರೋಗಿಗೆ ಯಾವ ಡಾಕ್ಟರೂ ಸಾವಿನ ಕಾರಣ ಬರೆಯಲು ಒಪ್ಪುವುದಿಲ್ಲ. ಮನೆಯಲ್ಲಿ ಆದ ಸಾವಿಗೆ ಬರೆದುಕೊಡುವುದು ನಮೂನೆ 4ಎ. ಆಸ್ಪತ್ರೆಯಲ್ಲಿ ಆದರೆ ನಮೂನೆ 4. ಎಲ್ಲ ಕೆಲಸವೂ ಆ ಒಂದು ಹಾಳೆಯಿಂದಲೇ ಶುರುವಾಗುತ್ತದೆ. ಅಪ್ಪನ ಆಧಾರ್, ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ಎಕೋ ರಿಪೋರ್ಟ್ ಎಲ್ಲ ಒಂದು ಚೀಲದಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಡು.

ಪೇಸ್‌ಮೇಕರ್ ಇದೆ ಎಂದೆಯಲ್ಲ, ಅದನ್ನು ಮರೆಯಬೇಡ. ದಹನ ಮಾಡುವುದಾದರೆ ಅದನ್ನು ತೆಗೆಸಲೇಬೇಕು. ಅದರೊಳಗೆ ಬ್ಯಾಟರಿ ಇದೆ, ಬೆಂಕಿಯಲ್ಲಿ ಸಿಡಿಯುತ್ತದೆ. ಕುಲುಮೆ ಹಾಳಾಗಬಹುದು, ಹತ್ತಿರ ಇರುವ ಕೆಲಸಗಾರರಿಗೆ ಪೆಟ್ಟಾಗಬಹುದು. ಅದು ಚರ್ಮದ ಕೆಳಗೇ ಇರುತ್ತದೆ. ತೆಗೆಯುವುದು ಡಾಕ್ಟರಿಗೆ ಸಣ್ಣ ಕೆಲಸ. ಯಾರು ತೆಗೆಯುತ್ತಾರೆ ಎಂದು ಮೊದಲೇ ಮಾತಾಡಿಕೋ. ಮಣ್ಣು ಮಾಡುವುದಾದರೆ ಈ ಪ್ರಶ್ನೆ ಇಲ್ಲ.

ಉಸಿರು ನಿಂತ ಮೇಲೆ ಕಣ್ಣು ಮುಚ್ಚಿಸಿ, ಗಲ್ಲದಿಂದ ತಲೆಗೆ ಬಟ್ಟೆ ಕಟ್ಟಿ, ಕೈಕಾಲು ನೇರ ಮಾಡಿ, ಕಾಲಿನ ಹೆಬ್ಬೆರಳು ಎರಡೂ ಸೇರಿಸಿ ಕಟ್ಟಿ. ಹಿರಿಯರು ಇದನ್ನು ಶಾಸ್ತ್ರ ಎಂದು ಮಾಡುತ್ತಿದ್ದರು. ಅದಕ್ಕೆ ಕಾರಣವೂ ಇದೆ. ಎರಡು ಮೂರು ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗುತ್ತದೆ. ಮೊದಲು ಬಿಗಿಯುವುದು ಮುಖ ಮತ್ತು ದವಡೆ. ಉಂಗುರ ಇದ್ದರೆ ಆಗಲೇ ತೆಗೆದುಬಿಡಿ.

ಕೊನೆಯದು. ಊರಾ ಬೆಂಗಳೂರಾ, ಮಣ್ಣಾ ಬೆಂಕಿಯಾ, ಯಾರು ಬೆಂಕಿ ಇಡಬೇಕು, ಇದನ್ನೆಲ್ಲ ನಮ್ಮನ್ನು ಯಾಕೆ ಕೇಳುತ್ತೀ? ಅಪ್ಪನಿಗೆ ಮಾತು ಬರುತ್ತಿದೆ ತಾನೇ? ಅವರನ್ನೇ ಕೇಳು.

ತೋಟದ ದಾರಿ · ಫೆಬ್ರವರಿ 4, ಬೆಳಿಗ್ಗೆ 7.02

ಅಮ್ಮಾ, ನಿಮ್ಮ ಕೊನೆಯ ಸಾಲು ಓದಿ ಅಡುಗೆ ಮನೆಯಲ್ಲಿ ನಿಂತು ಅತ್ತೆ. ಪೇಸ್‌ಮೇಕರ್ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರನ್ನು ಇವತ್ತೇ ಕೇಳುತ್ತೇನೆ. ಅಪ್ಪನನ್ನು ಹೇಗೆ ಕೇಳುವುದು ಗೊತ್ತಿಲ್ಲ.

ನಿವೃತ್ತ ಗುಮಾಸ್ತ · ಫೆಬ್ರವರಿ 4, ಬೆಳಿಗ್ಗೆ 9.30

ಜನನ ಮರಣ ವಿಭಾಗದಲ್ಲಿ ಬಹಳ ವರ್ಷ ಕೂತಿದ್ದೆ. ಕಾಗದದ ಭಾಗ ನಾನು ಹೇಳುತ್ತೇನೆ.

1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಆದರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಿ ಆದರೆ ಮನೆಯವರದೇ ಜವಾಬ್ದಾರಿ. ಇಲ್ಲೇ ಜನ ಎಡವುವುದು. ಸ್ಮಶಾನದಲ್ಲಿ ರಸೀದಿ ಕೊಟ್ಟರಲ್ಲ, ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಆ ರಸೀದಿ ಮರಣ ಪ್ರಮಾಣಪತ್ರ ಅಲ್ಲ. 21 ದಿನ ದಾಟಿದರೆ ತಡವಾದ ಶುಲ್ಕ. 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ವರ್ಷ ಕಳೆದ ಮೇಲೆ ಆಸ್ತಿ ಭಾಗದ ಹೊತ್ತಿಗೆ ಓಡಿ ಬಂದವರ ಪಾಡು ನೋಡಿದ್ದೇನೆ ಮೇಡಂ.

ಇನ್ನೊಂದು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಊರಿನಲ್ಲಿ ಅಂತ್ಯಕ್ರಿಯೆ ಮಾಡಿದರೂ ಪ್ರಾಣ ಬೆಂಗಳೂರಿನಲ್ಲಿ ಹೋಗಿದ್ದರೆ ಬೆಂಗಳೂರಿನಲ್ಲೇ ನೋಂದಾಯಿಸಬೇಕು.

ಹೆಸರು ಬರೆಸುವಾಗ ಆಧಾರ್ ಮುಂದಿಟ್ಟುಕೊಂಡು ಒಂದೊಂದು ಅಕ್ಷರ ನೋಡಿ. ನಮ್ಮ ಕಡೆ ಇನಿಷಿಯಲ್ ಒಂದು ದೊಡ್ಡ ತಲೆನೋವು. ಒಂದು ಕಡೆ ಊರಿನ ಅಕ್ಷರ, ಒಂದು ಕಡೆ ತಂದೆ ಹೆಸರು. ಪಿಂಚಣಿ ಪುಸ್ತಕದಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಈಗಲೇ ಎಲ್ಲ ತೆಗೆದು ಹೋಲಿಸಿ ನೋಡಿ.

ತಂದೆಯವರಿಗೆ ಪಿಂಚಣಿ ಇದ್ದರೆ ಬ್ಯಾಂಕಿಗೆ ಬೇಗ ತಿಳಿಸಿ. ಖರ್ಚಿಗೆ ಬೇಕು ಎಂದು ಅವರ ಎಟಿಎಂ ಕಾರ್ಡಿನಿಂದ ಆಮೇಲೆ ಹಣ ತೆಗೆಯಬೇಡಿ. ಸಾವಿನ ನಂತರ ಜಮಾ ಆದ ಪಿಂಚಣಿಯನ್ನು ವಾಪಸ್ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಆದರೆ ಇದೂ ಗೊತ್ತಿರಲಿ: ಬಿಲ್ ಬಾಕಿ ಇದೆ ಎಂದು ಖಾಸಗಿ ಆಸ್ಪತ್ರೆಯವರು ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. 2017ರಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ಆದ ತಿದ್ದುಪಡಿಯಲ್ಲಿ ಇದು ಸೇರಿದೆ.

ಮೂರನೇ ಮಹಡಿ · ಫೆಬ್ರವರಿ 4, ಮಧ್ಯಾಹ್ನ 1.20

ಎರಡು ವರ್ಷದ ಹಿಂದೆ ಅತ್ತೆಯವರನ್ನು ಇದೇ ಊರಿನಲ್ಲಿ, ಬಾಡಿಗೆ ಮನೆಯಿಂದಲೇ ಕಳಿಸಿಕೊಟ್ಟೆವು. ನಿಮ್ಮ ಪರಿಸ್ಥಿತಿ ನನಗೆ ಗೊತ್ತು.

ಮೊದಲು ಲಿಫ್ಟ್. ಸ್ಟ್ರೆಚರ್ ನಮ್ಮ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಹೊರುವುದು ಕಷ್ಟ, ನಾಲ್ಕು ಗಟ್ಟಿ ಆಳು ಬೇಕು. ಮೆಟ್ಟಿಲಲ್ಲಿ ಇಟ್ಟಿರುವ ಹೂವಿನ ಕುಂಡ, ಸೈಕಲ್ ತೆಗೆಸಬೇಕು. ಮನೆ ಮಾಲೀಕರಿಗೆ ಈಗಲೇ ಹೇಳಿಬಿಡಿ. ನಾವು ಹೇಳಿರಲಿಲ್ಲ. ಆ ಬೆಳಿಗ್ಗೆ ಅವರು ಬಂದು "ಇಲ್ಲಿ ಇಡಬೇಡಿ" ಎಂದಾಗ ಯಜಮಾನರು ಕುಸಿದು ಕೂತರು. ಪಕ್ಕದ ಮನೆಯ ಮುಸ್ಲಿಂ ಕುಟುಂಬದವರು ತಮ್ಮ ಪಾರ್ಕಿಂಗ್ ಜಾಗ ಬಿಟ್ಟುಕೊಟ್ಟರು. ಕುರ್ಚಿ ಹಾಕಿದರು. ಸಂಜೆ ಬಂದವರಿಗೆಲ್ಲ ಚಹಾ ಮಾಡಿದರು. ಅವರ ಋಣ ತೀರುವುದಿಲ್ಲ.

ಫ್ರೀಜರ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ. ನಂಬರ್ ಈಗಲೇ ಬರೆದಿಡಿ. ಶವ ವಾಹನದವರನ್ನು ಹಣ ಎಷ್ಟು ಎಂದು ಮೊದಲೇ ಕೇಳಿ, ಕಾಯುವುದಕ್ಕೆ ಎಷ್ಟು ಎಂಬುದನ್ನೂ ಕೇಳಿ. ನಾಚಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ ಎಂದು ಗೊತ್ತಿದ್ದೇ ಕೆಲವರು ಜಾಸ್ತಿ ಹೇಳುತ್ತಾರೆ. 108 ಆಂಬುಲೆನ್ಸ್ ಇರುವುದು ರೋಗಿಗಳಿಗೆ, ಶವ ಸಾಗಿಸಲು ಅಲ್ಲ. ಅದಕ್ಕೆ ಬೇರೆ ಗಾಡಿ ಬೇಕು.

ವಿದ್ಯುತ್ ಚಿತಾಗಾರ ಬನಶಂಕರಿ, ವಿಲ್ಸನ್ ಗಾರ್ಡನ್, ಹೆಬ್ಬಾಳ, ಸುಮನಹಳ್ಳಿ, ಪೀಣ್ಯ, ಪಣತ್ತೂರು, ಕಲ್ಪಳ್ಳಿ, ಹೀಗೆ ಬೇರೆ ಬೇರೆ ಕಡೆ ಇವೆ. ಪಾಲಿಕೆಯ ಶುಲ್ಕ ಕಡಿಮೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ ಹೇಳಿಸಿಕೊಳ್ಳಿ. ಕತ್ತಲಾದ ಮೇಲೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಡಾಕ್ಟರ್ ಕಾಗದ, ಹೋದವರ ಆಧಾರ್, ಸಹಿ ಹಾಕುವವರ ಆಧಾರ್, ಮೂರರದ್ದೂ ಜೆರಾಕ್ಸ್ ಇಟ್ಟುಕೊಳ್ಳಿ.

ವಿದ್ಯುತ್ ಕುಲುಮೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಸ್ವಲ್ಪ ಕಾದರೆ ಅಸ್ಥಿ ಅವತ್ತೇ ಸಿಗುತ್ತದೆ. ಸೌದೆಯಲ್ಲಿ ಮಾಡಿದರೆ 300ರಿಂದ 400 ಕೆಜಿ ಸೌದೆ ಬೇಕು. ಮಳೆಗಾಲದಲ್ಲಿ ಇನ್ನೂ ಕಷ್ಟ. ವಿದ್ಯುತ್‌ನಲ್ಲಿ ಶಾಸ್ತ್ರ ಮಾಡಲು ಆಗುವುದಿಲ್ಲ ಎಂದು ನಮ್ಮವರು ತಕರಾರು ಮಾಡಿದ್ದರು. ಆದರೆ ಮಡಕೆ ಹೊತ್ತು ಸುತ್ತು ಬರುವುದು, ಬಾಯಿಗೆ ಅಕ್ಕಿ ಹಾಕುವುದು, ಕರ್ಪೂರ ಹಚ್ಚುವುದು ಎಲ್ಲ ಹೊರಗಿನ ಕಟ್ಟೆಯಲ್ಲೇ ಆಯಿತು. ಆಮೇಲೆ ಟ್ರಾಲಿ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಆ ಬಾಗಿಲು ಮುಚ್ಚುವ ಸದ್ದಿಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ನಮಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಕೆಲಸ ಮಾಡುವವರ ಜೊತೆ ಎರಡು ಮಾತು ಆಡಿ. 2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೋವಿಡ್ ಸಮಯದಲ್ಲಿ, ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಾಗ ಹಗಲು ರಾತ್ರಿ ನಿಂತವರು ಅವರೇ. ಆಗ ಎಷ್ಟೋ ಜನರ ಅಸ್ಥಿ ಕೇಳಲು ಯಾರೂ ಬರಲಿಲ್ಲ. ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟಿತು.

ಗದಗಿನ ಗಾಳಿ · ಫೆಬ್ರವರಿ 4, ಸಂಜೆ 5.45

ನಮ್ಮ ಕಡೆ "ಮಣ್ಣಿಗೆ ಹೋಗಿದ್ವಿ" ಅಂತೀವಿ. ನಾವು ಲಿಂಗಾಯತರು, ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಮೈಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟು, ವಿಮಾನ ಎಂದು ಕರೆಯುವ ಅಲಂಕರಿಸಿದ ಚಟ್ಟದಲ್ಲಿ ಕೂರಿಸಿ ಭಜನೆ ಮಾಡುತ್ತ ಒಯ್ಯುತ್ತೇವೆ. ಸಮಾಧಿಯೊಳಗೆ ವಿಭೂತಿ ಗಟ್ಟಿ, ಪತ್ರಿ ಹಾಕುತ್ತೇವೆ. ಕೂರಿಸಬೇಕಾದ್ದರಿಂದ ಮೈ ಸೆಟೆಯುವ ಮುಂಚೆಯೇ ಕಾಲು ಮಡಿಸಿ ಕೂರಿಸುವುದು ಬಹಳ ಮುಖ್ಯ. ನಗರದ ಆಸ್ಪತ್ರೆಯಿಂದ ತರುವವರು ಇದನ್ನು ಮರೆಯುತ್ತಾರೆ. ನಮ್ಮವರು ಯಾರಾದರೂ ಓದುತ್ತಿದ್ದರೆ ಉಪಯೋಗ ಆಗಲಿ ಎಂದು ಬರೆದೆ.

ತಂಗಿ, ನಿಮ್ಮ ಅಪ್ಪನವರು ಕೊನೆವರೆಗೂ ನೋವಿಲ್ಲದೆ ಇರಲಿ.

ನ್ಯೂಜೆರ್ಸಿ ಕನ್ನಡಿಗ · ಫೆಬ್ರವರಿ 5, ಬೆಳಿಗ್ಗೆ 8.10

ನಿಮ್ಮ ಅಣ್ಣನ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ಸುದ್ದಿ ಬಂದ ಕ್ಷಣದಿಂದ ಮನೆ ಬಾಗಿಲು ಮುಟ್ಟುವವರೆಗೆ ನನಗೆ 31 ಗಂಟೆ ಹಿಡಿಯಿತು. ಅದೂ ಟಿಕೆಟ್ ತಕ್ಷಣ ಸಿಕ್ಕಿದ್ದರಿಂದ. ಅಮ್ಮನನ್ನು ಅಷ್ಟು ಹೊತ್ತು ಫ್ರೀಜರ್ ಬಾಕ್ಸಿನಲ್ಲಿ ಇಟ್ಟಿದ್ದರು. ಮಧ್ಯೆ ಕರೆಂಟ್ ಹೋಯಿತು. ಬಂದವರಿಗೆಲ್ಲ ಮುಖ ತೋರಿಸಲು ಮುಚ್ಚಳ ತೆಗೆದು ತೆಗೆದು, ನಾನು ಬರುವ ಹೊತ್ತಿಗೆ ಅಮ್ಮನ ಮುಖ ಬೇರೆಯೇ ಆಗಿತ್ತು. ನನ್ನ ಕಣ್ಣ ಮುಂದೆ ಈಗಲೂ ಆ ಮುಖವೇ ಬರುತ್ತದೆ. ಕಾಯಬೇಡಿ ಎಂದು ಅವತ್ತು ನಾನು ಹೇಳಬೇಕಿತ್ತು.

ನಿಮ್ಮ ಅಣ್ಣನಿಗೆ ಆಗುವುದಾದರೆ ಈಗಲೇ ಬರಲು ಹೇಳಿ, ಅಪ್ಪ ಕಣ್ಣು ಬಿಟ್ಟಿರುವಾಗ. ಒಂದು ವಾರದ ರಜೆ ಇದ್ದರೆ ಅದನ್ನು ಸಾವಿಗೆ ಇಡುವುದು ಬೇಡ.

ಮಂಗಳೂರು ಟು ದುಬೈ · ಫೆಬ್ರವರಿ 5, ಬೆಳಿಗ್ಗೆ 11.25

ಮೇಲಿನವರ ಮಾತಿಗೆ ನನ್ನದೂ ಸೇರಿಸಿ. ಗಲ್ಫಿನಲ್ಲಿ ನಮ್ಮ ಕೋಣೆಯ ಹುಡುಗನೊಬ್ಬ ಹೋದಾಗ ಅವನನ್ನು ಊರಿಗೆ ಕಳಿಸಲು ಓಡಾಡಿದವನು ನಾನು. ಅಲ್ಲಿನ ಮರಣ ಪ್ರಮಾಣಪತ್ರ, ಎಂಬಾಮಿಂಗ್ (ಶವ ಕೆಡದಂತೆ ಔಷಧಿ ಹಾಕುವುದು) ಆದ ಪ್ರಮಾಣಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ನಮ್ಮ ದೂತಾವಾಸದ ನಿರಾಕ್ಷೇಪಣಾ ಪತ್ರ, ಇಷ್ಟೂ ಕೈಗೆ ಬರದೆ ವಿಮಾನ ಹತ್ತಿಸುವುದಿಲ್ಲ. ಊರಲ್ಲಿ ತಾಯಿ ದಿನಾ ಫೋನ್ ಮಾಡಿ "ಇವತ್ತು ಬರುತ್ತಾನಾ" ಎಂದು ಕೇಳುತ್ತಿದ್ದರು. ದೂರದಲ್ಲಿ ಇರುವವರ ಕಾಗದಗಳ ಪ್ರತಿ ಮನೆಯಲ್ಲೂ ಒಂದು ಇರಲಿ.

ತೋಟದ ದಾರಿ · ಫೆಬ್ರವರಿ 9, ರಾತ್ರಿ 11.50

ಅಪ್ಪನನ್ನು ಕೇಳಿದೆ.

ಹೇಗೆ ಶುರು ಮಾಡಲಿ ಎಂದು ಮೂರು ದಿನ ಒದ್ದಾಡಿದೆ. ಇವತ್ತು ಸಂಜೆ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಅಮ್ಮ ದೇವರ ಮುಂದೆ ದೀಪ ಹಚ್ಚಲು ಹೋಗಿದ್ದರು. "ಅಪ್ಪಾ, ಮುಂದೆ ಹೇಗೆ ಮಾಡಬೇಕು ಅಂತ ನಿಮಗೇನಾದರೂ ಇದೆಯಾ?" ಎಂದೆ. ಅಷ್ಟೇ ಬಾಯಿಂದ ಬಂದಿದ್ದು. ಅಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಯಾರೂ ಕೇಳ್ತಾನೇ ಇರಲಿಲ್ಲ. ಪೆನ್ನು ತಗೊಂಡು ಬಾ" ಎಂದರು.

ದಿಂಬಿಗೆ ಒರಗಿಸಿ ಕೂರಿಸಿದೆ. ನಾಲ್ಕು ಸಾಲಿಗೊಂದು ಸಲ ನಿಲ್ಲಿಸಿ ಉಸಿರು ಎಳೆದುಕೊಂಡು ತಾವೇ ಬರೆದರು. ಮೇಷ್ಟ್ರ ಅಕ್ಷರ, ಒಂದು ಕಡೆಯೂ ಒರೆಸಿಲ್ಲ. ಊರಿಗೆ ಹೊತ್ತುಕೊಂಡು ಹೋಗಬೇಡಿ, ರಸ್ತೆಯಲ್ಲಿ ನಾಲ್ಕು ಗಂಟೆ ಅಮ್ಮನಿಗೆ ಆಗುವುದಿಲ್ಲ. ಬೆಂಗಳೂರಿನಲ್ಲೇ ವಿದ್ಯುತ್‌ನಲ್ಲಿ ಮಾಡಿ, ಮರ ಕಡಿಯಬೇಡಿ. ಒಂದು ದಿನಕ್ಕಿಂತ ಜಾಸ್ತಿ ಯಾರಿಗೂ ಕಾಯಬೇಡಿ. ಮಗ ಇದ್ದರೆ ಇಬ್ಬರೂ ಸೇರಿ ಮಾಡಿ, ಇಲ್ಲದಿದ್ದರೆ ಮಗಳೇ ಮಾಡಲಿ. ಅಣ್ಣಾವ್ರು ಕೊಟ್ಟ ಹಾಗೆ ನನ್ನ ಕಣ್ಣು ಕೊಡಿ. ಬೂದಿಯಲ್ಲಿ ಒಂದು ಪಾಲು ಪಶ್ಚಿಮವಾಹಿನಿಯಲ್ಲಿ ಬಿಡಿ, ಒಂದು ಪಾಲು ನಮ್ಮ ತೋಟದ ದಾರಿಯ ಹುಣಸೆ ಮರದ ಬುಡಕ್ಕೆ ಹಾಕಿ. ಕೆಳಗೆ ಸಹಿ, ದಿನಾಂಕ.

ಬರೆದು ಮುಗಿಸಿ, "ನಿನ್ನ ಅಮ್ಮನಿಗೆ ಓದಿ ಹೇಳು" ಎಂದರು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಈಗ ಒಂದು ಪ್ರಶ್ನೆ. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಕಣ್ಣು ಕೊಡಬಹುದಾ?

ಹಳೇ ನರ್ಸ್ · ಫೆಬ್ರವರಿ 10, ಬೆಳಿಗ್ಗೆ 5.50

ಕೊಡಬಹುದು ಮಗಳೇ. ಪೊರೆ ಆಪರೇಷನ್ ಆಗಿದ್ದರೂ, ಕನ್ನಡಕ ಇದ್ದರೂ ಕೊಡಬಹುದು. ವಯಸ್ಸಿನ ಅಡ್ಡಿಯೂ ಇಲ್ಲ. ಆರು ಗಂಟೆಯೊಳಗೆ ತೆಗೆಯಬೇಕು. ಆದ್ದರಿಂದ ನೇತ್ರ ಬ್ಯಾಂಕಿನ ನಂಬರ್ ಡಾಕ್ಟರ್ ನಂಬರಿನ ಪಕ್ಕದಲ್ಲೇ ಬರೆದಿಡು. ಅವರೇ ಮನೆಗೆ ಬರುತ್ತಾರೆ. 20 ನಿಮಿಷದ ಕೆಲಸ, ಮುಖ ಕೆಡುವುದಿಲ್ಲ. ಅವರು ಬರುವವರೆಗೆ ಫ್ಯಾನ್ ಆರಿಸು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡು, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡು. 2021ರಲ್ಲಿ ಅಪ್ಪು ಹೋದಾಗ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು.

ಆ ಹಾಳೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸು.

ಶರಾವತಿ ತೀರ · ಫೆಬ್ರವರಿ 10, ಬೆಳಿಗ್ಗೆ 7.30

ಅಕ್ಕಾ, ಮೊದಲ ದಿನ ನಾನು ಬರೆದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. "ಯಾರೂ ಕೇಳ್ತಾನೇ ಇರಲಿಲ್ಲ" ಎಂಬ ಸಾಲು ಬೆಳಿಗ್ಗೆಯಿಂದ ತಲೆಯಲ್ಲೇ ಇದೆ. ನಮ್ಮಪ್ಪನಿಗೂ 80 ಆಯಿತು.

ತೋಟದ ದಾರಿ · ಮಾರ್ಚ್ 7, ಸಂಜೆ 6.20

ಅಪ್ಪ ಫೆಬ್ರವರಿ 24ರ ಬೆಳಗಿನ ಜಾವ 3.40ಕ್ಕೆ ಹೋದರು. ನಿದ್ದೆಯಲ್ಲೇ. ಮೊನ್ನೆ 11ನೇ ದಿನದ ತಿಥಿ ಮುಗಿಯಿತು. ನಿಮಗೆಲ್ಲ ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ.

ಅಣ್ಣ 13ಕ್ಕೇ ಬಂದು ಎಂಟು ದಿನ ಇದ್ದ. ನ್ಯೂಜೆರ್ಸಿಯವರೇ, ನಿಮ್ಮ ಬರಹ ಓದಿಯೇ ಟಿಕೆಟ್ ತೆಗೆದ. ಅಪ್ಪನಿಗೆ ಅವನೇ ಸ್ನಾನ ಮಾಡಿಸಿದ, ಗಡ್ಡ ತೆಗೆದ. ಅವನು ವಾಪಸ್ ಹೋಗಿ ಮೂರನೇ ದಿನಕ್ಕೆ ಅಪ್ಪ ಹೋದರು. ಸುದ್ದಿ ಹೇಳಿದಾಗ "ಕಾಯಬೇಡಿ, ನೀನೇ ಮಾಡು" ಎಂದ.

ಬೀದಿಯ ಕ್ಲಿನಿಕ್ ಡಾಕ್ಟರ್ ನಾಲ್ಕೂವರೆಗೆ ಬಂದರು. ಹೋದ ವಾರವಷ್ಟೇ ಅಪ್ಪನನ್ನು ನೋಡಿದ್ದರು. 4ಎ ಬರೆದುಕೊಟ್ಟರು. ನೇತ್ರ ಬ್ಯಾಂಕಿನವರು ಆರೂಕಾಲಿಗೆ ಬಂದು ಹೋದರು. ಪೇಸ್‌ಮೇಕರ್ ಕೂಡ ಮನೆಯಲ್ಲೇ ತೆಗೆದಾಯಿತು. ಮನೆ ಮಾಲೀಕರಿಗೆ ಮೊದಲೇ ಹೇಳಿದ್ದೆ. ಅವರೇ ಕೆಳಗಿನ ಗೇಟು ತೆಗೆದು, ಕಾರು ಆಚೆ ನಿಲ್ಲಿಸಿ ಜಾಗ ಮಾಡಿಕೊಟ್ಟರು.

ಒಂದು ಜಗಳ ಆಯಿತು. ದೊಡ್ಡಪ್ಪನ ಮಕ್ಕಳು ಊರಿಂದ ಬಂದವರು, "ನಮ್ಮ ಮನೆಯವರನ್ನೆಲ್ಲ ತೋಟದಲ್ಲೇ ಮಣ್ಣು ಮಾಡಿದ್ದೇವೆ, ಇಲ್ಲಿ ಸುಡುವುದು ಅಂದರೇನು, ಅದೂ ಹೆಣ್ಣು ಮಗಳು" ಎಂದು ಎದ್ದರು. ನನಗೆ ಮಾತೇ ಹೊರಡಲಿಲ್ಲ. ಅಮ್ಮ ಒಳಗೆ ಹೋಗಿ ಆ ಹಾಳೆ ತಂದು ದೊಡ್ಡಣ್ಣನ ಕೈಗೆ ಕೊಟ್ಟರು. ಅವನು ಅಪ್ಪನ ಹತ್ತಿರವೇ ಅಕ್ಷರ ಕಲಿತವನು. ಎರಡು ಸಲ ಓದಿದ. ಮಡಿಸಿ ಅಮ್ಮನಿಗೆ ವಾಪಸ್ ಕೊಟ್ಟು, ಚಟ್ಟಕ್ಕೆ ಭುಜ ಕೊಟ್ಟ.

ನಾನೇ ಮಡಕೆ ಹೊತ್ತೆ. ಬಾಗಿಲು ಮುಚ್ಚುವ ಸದ್ದು ನೀವು ಹೇಳಿದ ಹಾಗೇ ಇತ್ತು, ಮೂರನೇ ಮಹಡಿಯವರೇ. ಗೊತ್ತಿದ್ದದ್ದರಿಂದ ನಿಂತೆ.

ಮೂರನೇ ದಿನ ಹಾಲು ತುಪ್ಪದ ಶಾಸ್ತ್ರ ಹುಣಸೆ ಮರದ ಹತ್ತಿರವೇ ಮಾಡಿದೆವು. ಪಶ್ಚಿಮವಾಹಿನಿಯ ಪಾಲು ಇನ್ನೂ ಇದೆ. ಅಣ್ಣ ಏಪ್ರಿಲ್‌ನಲ್ಲಿ ಬಂದ ಮೇಲೆ ಇಬ್ಬರೂ ಹೋಗುತ್ತೇವೆ.

ಗುಮಾಸ್ತರೇ, 9ನೇ ದಿನ ನೋಂದಣಿಗೆ ಕೊಟ್ಟೆ. ಪ್ರಮಾಣಪತ್ರ ಬಂದಿದೆ, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆ. ಆದರೆ ತೋಟದ ಪಹಣಿಯಲ್ಲಿ ಅಪ್ಪನ ಹೆಸರಿನ ಹಿಂದೆ ತಾತನ ಹೆಸರು ಪೂರ್ತಿ ಇದೆ. ಏನು ಮಾಡಲಿ?

ನಿವೃತ್ತ ಗುಮಾಸ್ತ · ಮಾರ್ಚ್ 7, ರಾತ್ರಿ 8.15

ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ ಮೇಡಂ.

ಪ್ರಮಾಣಪತ್ರ ತಿದ್ದಿಸಲು ಹೋಗಬೇಡಿ, ಅದು ಸರಿಯಾಗಿಯೇ ಇದೆ. ಎರಡೂ ಹೆಸರು ಒಬ್ಬರದೇ ಎಂದು ಒಂದು ಅಫಿಡವಿಟ್ ಮಾಡಿಸಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಅದರಲ್ಲಿ ಅಮ್ಮ, ಅಣ್ಣ, ನೀವು ಮೂವರ ಹೆಸರೂ ಇರಬೇಕು. ಆಮೇಲೆ ಮರಣ ಪ್ರಮಾಣಪತ್ರದ ಜೊತೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಡಿ. ಅಮ್ಮನ ಕುಟುಂಬ ಪಿಂಚಣಿ ಇದಕ್ಕೆಲ್ಲ ಕಾಯಬೇಕಾಗಿಲ್ಲ, ಅದನ್ನು ಮೊದಲು ಮಾಡಿ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆದಿಟ್ಟುಕೊಳ್ಳಿ. ಅಣ್ಣ ಏಪ್ರಿಲ್‌ನಲ್ಲಿ ಬಂದಾಗ ಸಹಿ ಬೇಕಾದ ಕಡೆಯೆಲ್ಲ ಹಾಕಿಸಿಕೊಂಡುಬಿಡಿ.